ಬೇರಿಂಗ್ ಪದೇ ಪದೇ ಹೋಗ್ತಿದೆಯಾ? ಹೊಸ ಶಾಫ್ಟ್‌ಗೆ ದುಡ್ಡು ಕೊಡೋ ಮುಂಚೆ ಸರಿಯಾಗಿ ‘ಡಯಲ್’ ಹಾಕಿಸಿ ನೋಡಿ

ಚನ್ನಗಿರಿ: ಅಡಿಕೆ ಕೊಯ್ಲು ಜೋರಾಗಿರುವಾಗ ಸುಲಿಯುವ ಮೆಷಿನ್ ನಿಂತರೆ ಏನಾಗುತ್ತೆ ಅಂತ ನಮ್ಮ ತಾಲೂಕಿನವರಿಗೆ ಹೇಳಬೇಕಾಗಿಲ್ಲ. ಹಸಿ ಅಡಿಕೆ ರಾಶಿ ಬಿದ್ದಿರುತ್ತೆ, ಬೇಯಿಸುವ ಹಂಡೆ ಖಾಲಿ ಇರುತ್ತೆ, ಕೂಲಿಯವರು ಸುಮ್ಮನೆ ಕೂತಿರ್ತಾರೆ. ಕಳೆದ ಸೀಸನ್‌ನಲ್ಲಿ ನಮ್ಮ ಸೋದರಮಾವನ ಖೇಣಿ ಮನೆಯಲ್ಲಿ ಹೀಗೆ ಎರಡು ಸಲ ಆಯ್ತು. ಎರಡೂ ಸಲ ಹೋಗಿದ್ದು ಒಂದೇ ಬೇರಿಂಗ್, ಪುಲ್ಲಿ ಕಡೆಯದು. ಹೊಸದು ಹಾಕಿದ ಮೂರೇ ವಾರಕ್ಕೆ ಮತ್ತೆ ಅದೇ ಕಿರ್ರ್ ಸದ್ದು.

ಮಾವ ಶಾಫ್ಟ್ ಬಿಚ್ಚಿ ಒಂದು ಲೇತ್ ಶಾಪ್‌ಗೆ ಒಯ್ದರು. ಅವರು ಶಾಫ್ಟನ್ನು ಚಕ್‌ಗೆ ಕಟ್ಟಿ, ಮೇಲೆ ಡಿಜಿಟಲ್ ಡಯಲ್ ಇಟ್ಟು ಕೈಯಲ್ಲಿ ತಿರುಗಿಸಿದರು. ಒಟ್ಟು 0.34 ಬಂತು. “ಶಾಫ್ಟ್ ಬೆಂಡಾಗಿದೆ ಯಜಮಾನ್ರೆ, ಹೊಸದು ಮಾಡಿಸ್ಬೇಕು” ಅಂದ್ರು. ಅಂಕಿ ಕಣ್ಣೆದುರೇ ಇತ್ತು, ಮಾವ ಏನು ವಾದ ಮಾಡ್ತಾರೆ? ದುಡ್ಡು ಹೊಂದಿಸೋಕೆ ಹೊರಟಿದ್ದರು.

ನಾನು ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟವನು. ಬಿಟ್ಟ ಮೇಲೆ ಕೆಲವು ತಿಂಗಳು ಒಂದು ಲೇತ್ ಶಾಪ್‌ನಲ್ಲಿ ಕಬ್ಬಿಣದ ಚೂರು ಗುಡಿಸಿಕೊಂಡು ಇದ್ದೆ. ಅಲ್ಲಿನ ಹಳೇ ಟರ್ನರ್‌ಗೆ ಒಮ್ಮೆ ತೋರಿಸೋಣ ಮಾವ ಅಂದೆ. ಅವರ ಹತ್ತಿರ ಇದ್ದದ್ದೂ ಅದೇ ಥರದ ಡಿಜಿಟಲ್ ಡಯಲ್. ಅದೇ ಶಾಫ್ಟ್ ಮೇಲೆ ಇಟ್ಟರು. ಬಂದಿದ್ದು 0.03.

ಒಂದು ಕಡೆ 0.34, ಇನ್ನೊಂದು ಕಡೆ 0.03. ಯಾವ ಡಯಲ್ ಕೆಟ್ಟಿತ್ತು? ಎರಡೂ ಕೆಟ್ಟಿರಲಿಲ್ಲ. ಈ ಸುದ್ದಿ ಬರೆಯೋಕೆ ಕಾರಣವೇ ಇದು.

ಮೊದಲು ಈ ಸಾಧನ ಏನು ಅಂತ ತಿಳಿಯೋಣ. ನೋಡೋಕೆ ದೊಡ್ಡ ವಾಚ್ ಥರ ಇರುತ್ತೆ. ಕೆಳಗೆ ಒಂದು ಸಣ್ಣ ಕಡ್ಡಿ, ಅದರ ತುದಿಯಲ್ಲಿ ಗುಂಡು. ಕಡ್ಡಿಯನ್ನು ಒಳಗೆ ತಳ್ಳಿದರೆ ಸ್ಪ್ರಿಂಗ್ ವಾಪಸ್ ಹೊರಗೆ ತಳ್ಳುತ್ತೆ. ಕಡ್ಡಿ ಎಷ್ಟು ಒಳಗೆ ಹೋಯ್ತು, ಎಷ್ಟು ಹೊರಗೆ ಬಂತು ಅನ್ನೋದನ್ನ ಪರದೆ ತೋರಿಸುತ್ತೆ. ಸಾಮಾನ್ಯವಾಗಿ 0.01 ಮಿಲಿಮೀಟರ್ ತನಕ, ಅಂದ್ರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಝೆರಾಕ್ಸ್ ಹಾಳೆಯ ದಪ್ಪ ಸುಮಾರು 0.10 ಇರುತ್ತೆ. ಹಾಳೆಯನ್ನು ದಪ್ಪದಲ್ಲಿ ಹತ್ತು ಪದರ ಸೀಳಿದರೆ ಒಂದು ಪದರ ಎಷ್ಟೋ, ಅಷ್ಟು.

ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಡಯಲ್ ಉದ್ದ ಅಳೆಯೋದಿಲ್ಲ, ಶಾಫ್ಟ್ ಎಷ್ಟು ದಪ್ಪ ಅಂತಲೂ ಹೇಳೋದಿಲ್ಲ. ಅದಕ್ಕೆ ವರ್ನಿಯರ್, ಮೈಕ್ರೋಮೀಟರ್ ಇವೆ. ಡಯಲ್ ಹೇಳೋದು ಒಂದೇ: ನೀನು ಸೊನ್ನೆ ಮಾಡಿದ ಜಾಗದಿಂದ ಇದು ಎಷ್ಟು ಮೇಲೆ ಕೆಳಗೆ ಆಡ್ತಿದೆ. ಯಾರು ಆಡ್ತಿದ್ದಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಶಾಫ್ಟ್ ಆಡಿದರೂ ಅಂಕಿ ಬರುತ್ತೆ, ಶಾಫ್ಟ್ ಹಿಡಿದಿರೋ ಚಕ್ ಆಡಿದರೂ ಅದೇ ಅಂಕಿ ಬರುತ್ತೆ, ಡಯಲ್ ಹಿಡಿದಿರೋ ಸ್ಟ್ಯಾಂಡ್ ಆಡಿದರೂ ಬರುತ್ತೆ.

ಮೊದಲ ಶಾಪ್‌ನಲ್ಲಿ ಆಗಿದ್ದು ಇದೇ. ಅವರ ಮೂರು ಜಾ ಚಕ್ ವರ್ಷಗಟ್ಟಲೆ ಸವೆದದ್ದು. ನಮ್ಮ ಕಡೆ ಎಷ್ಟೋ ಲೇತ್‌ಗಳು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾಲದವು, ಇನ್ನೂ ಗಟ್ಟಿಯಾಗಿ ದುಡೀತಿವೆ, ಆದ್ರೆ ಚಕ್ ಸವೆಯದೇ ಇರುತ್ತಾ? ಸವೆದ ಚಕ್ ಶಾಫ್ಟನ್ನು ಸ್ವಲ್ಪ ಓರೆಯಾಗಿ ಹಿಡಿಯುತ್ತೆ. ಚಕ್‌ನಿಂದ ದೂರ ಹೋದಷ್ಟೂ ಆ ಓರೆ ಜಾಸ್ತಿಯಾಗಿ ಕಾಣುತ್ತೆ. ಡಯಲ್ ಇಟ್ಟಿದ್ದು ತುದಿಯಲ್ಲಿ. 0.34ರಲ್ಲಿ ಬಹುಪಾಲು ಚಕ್‌ನದ್ದೇ. ಅವರು ಮೋಸ ಮಾಡಿದ್ರು ಅಂತ ನಾನು ಹೇಳಲ್ಲ. ಪರದೆಯಲ್ಲಿ ಬಂದ ಅಂಕಿಯನ್ನ ನಂಬಿದ್ರು, ಅಷ್ಟೇ.

ಹಳೇ ಟರ್ನರ್ ಶಾಫ್ಟನ್ನು ಚಕ್‌ಗೆ ಕಟ್ಟಲೇ ಇಲ್ಲ. ಮೇಲ್ಭಾಗದಲ್ಲಿ ವಿ ಆಕಾರದ ಹಳ್ಳ ಇರುವ ಎರಡು ಕಬ್ಬಿಣದ ಬ್ಲಾಕ್ ತಗೊಂಡರು. ಶಾಫ್ಟ್‌ನಲ್ಲಿ ಬೇರಿಂಗ್ ಕೂರುವ ಎರಡು ಜಾಗಗಳು ಆ ಹಳ್ಳದಲ್ಲಿ ಕೂರುವ ಹಾಗೆ ಮಲಗಿಸಿದರು. ಮೆಷಿನ್‌ನಲ್ಲಿ ಶಾಫ್ಟ್ ತಿರುಗೋದು ಆ ಎರಡು ಜಾಗದ ಮೇಲೆ ತಾನೆ, ಹಾಗಾಗಿ ಅಳೆಯುವಾಗಲೂ ಅದರ ಮೇಲೇ ತಿರುಗಬೇಕು ಅನ್ನೋದು ಅವರ ಲೆಕ್ಕ. ಸೆಂಟರ್ ತೂತು ಚೆನ್ನಾಗಿದ್ದರೆ ಲೇತ್‌ನ ಎರಡು ಸೆಂಟರ್ ನಡುವೆ ಹಿಡಿದೂ ನೋಡಬಹುದು.

ಆಮೇಲೆ ಅವರು ಮಾಡಿದ್ದನ್ನು ನಿಂತು ನೋಡಿದೆ. ಮ್ಯಾಗ್ನೆಟ್ ಸ್ಟ್ಯಾಂಡ್ ಇಡುವ ಜಾಗ ಬಟ್ಟೆಯಲ್ಲಿ ಒರೆಸಿದರು. ಒಂದು ಚೂರು ಕಬ್ಬಿಣದ ಪುಡಿ ಅಡಿಯಲ್ಲಿ ಸಿಕ್ಕರೂ ಸ್ಟ್ಯಾಂಡ್ ಅಲ್ಲಾಡುತ್ತೆ. ಸ್ಟ್ಯಾಂಡ್‌ನ ಕೈ ಆದಷ್ಟು ಗಿಡ್ಡ ಇಟ್ಟರು. ಕಡ್ಡಿ ಶಾಫ್ಟ್‌ಗೆ ನೇರವಾಗಿ, ನಟ್ಟನಡುವೆ ಕೂರಿಸಿದರು. ಇದು ಸಣ್ಣ ವಿಷಯ ಅಲ್ಲ. ಕಡ್ಡಿ 30 ಡಿಗ್ರಿ ಓರೆ ಇದ್ದರೆ, ನಿಜವಾಗಿ 0.87 ಆಡಿದ್ದನ್ನು ಪರದೆ 1.00 ಅಂತ ತೋರಿಸುತ್ತೆ. ಕಡ್ಡಿ ಒಂದು ಮಿಲಿಮೀಟರಿನಷ್ಟು ಒಳಗೆ ಒತ್ತಿರುವ ಹಾಗೆ ಇಳಿಸಿ, ಆಮೇಲೆ ಸೊನ್ನೆ ಬಟನ್ ಒತ್ತಿದರು. ಯಾಕಂದ್ರೆ ಕಡ್ಡಿ ಎರಡೂ ಕಡೆ ಓಡಾಡೋಕೆ ಜಾಗ ಬೇಕು. ಕೊನೆಗೆ ಸ್ಟ್ಯಾಂಡ್‌ನ ಕೈಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಟ್ಟರು. ಅಂಕಿ ಹೋಗಿ ಮತ್ತೆ 0.00ಕ್ಕೆ ಬಂತು. “ಬರ್ಲಿಲ್ಲ ಅಂದ್ರೆ ಮುಂದೆ ನೋಡೋದೇ ಬೇಡ ತಮ್ಮಾ, ಸ್ಟ್ಯಾಂಡೇ ಲೂಸು” ಅಂದ್ರು.

ಶಾಫ್ಟನ್ನು ನಿಧಾನಕ್ಕೆ ಕೈಯಲ್ಲೇ ಒಂದು ಸುತ್ತು ತಿರುಗಿಸಿದರು. ಒಂದು ಕಡೆ ಮೈನಸ್ 0.02, ಇನ್ನೊಂದು ಕಡೆ ಪ್ಲಸ್ 0.01. ಎರಡೂ ಸೇರಿ 0.03. ಕೀ ಕೂರುವ ಗಾಡಿಯ ಮೇಲೆ ಬಂದಾಗ ಕಡ್ಡಿ ದಬಕ್ಕನೆ ಬಿದ್ದು ಅಂಕಿ ಹಾರುತ್ತೆ, ಅದನ್ನ ಲೆಕ್ಕಕ್ಕೆ ಹಿಡಿಯಬಾರದು. ಹಾಗೆ ಬೀಳಿಸದೆ ಕಡ್ಡಿಯನ್ನು ಬೆರಳಲ್ಲಿ ಎತ್ತಿ ದಾಟಿಸೋದು ಇನ್ನೂ ಒಳ್ಳೇದು, ಇಲ್ಲಾಂದ್ರೆ ಕಡ್ಡಿಯೇ ಬಗ್ಗುತ್ತೆ. “ಇಂಥ ಮೆಷಿನ್‌ಗೆ 0.05 ಒಳಗಿದ್ರೆ ತಲೆ ಕೆಡಿಸ್ಕೊಬೇಡಿ. ಶಾಫ್ಟ್ ಚೆನ್ನಾಗೈತೆ. ಪುಲ್ಲಿ ಎಲ್ಲಿ?” ಅಂತ ಕೇಳಿದರು.

ಪುಲ್ಲಿ ಮನೇಲೇ ಇತ್ತು! ಮೊದಲ ಶಾಪ್‌ಗೂ ಮಾವ ಬರೀ ಶಾಫ್ಟ್ ಒಯ್ದಿದ್ದರು. ನಾನು ಬೈಕಲ್ಲಿ ಹೋಗಿ ತಂದೆ.

ಪುಲ್ಲಿಯನ್ನು ಅದೇ ಶಾಫ್ಟ್‌ಗೆ ಕೀ ಸಮೇತ ಹಾಕಿ, ಹೊರಗಿನ ಅಂಚಿನ ಮೇಲೆ ಡಯಲ್ ಇಟ್ಟರು. ಮೈನಸ್ 0.50ರಿಂದ ಪ್ಲಸ್ 0.70 ತನಕ ಓಡಿತು. ಒಟ್ಟು 1.20. ಇಲ್ಲಿ ತುಂಬಾ ಜನ ತಪ್ಪು ಮಾಡ್ತಾರೆ. ಡಯಲ್ 1.20 ತೋರಿಸಿದರೆ ಪುಲ್ಲಿಯ ತೂತು 1.20 ಪಕ್ಕಕ್ಕಿದೆ ಅಂತ ಅರ್ಥ ಅಲ್ಲ. ಅರ್ಧ, ಅಂದ್ರೆ 0.60 ಪಕ್ಕಕ್ಕಿದೆ. ಅರ್ಧ ಸುತ್ತಿನಲ್ಲಿ 0.60 ಮೇಲೆ ಬರುತ್ತೆ, ಇನ್ನರ್ಧ ಸುತ್ತಿನಲ್ಲಿ 0.60 ಕೆಳಗೆ ಹೋಗುತ್ತೆ, ಡಯಲ್ ಎರಡನ್ನೂ ಕೂಡಿಸಿ ತೋರಿಸುತ್ತೆ. ಬಗ್ಗಿದ ಶಾಫ್ಟ್‌ಗೂ ಇದೇ ಲೆಕ್ಕ. 0.40 ತೋರಿಸಿದ ಶಾಫ್ಟನ್ನು ಪ್ರೆಸ್‌ನಲ್ಲಿ 0.40 ನೇರ ಮಾಡಿದರೆ ಅದು ಆ ಕಡೆಗೆ ಬಗ್ಗಿರುತ್ತೆ.

ಈ ಪುಲ್ಲಿಯಿಂದಾಗಿ ಪ್ರತಿ ಸುತ್ತಿಗೂ ಬೆಲ್ಟ್ ಒಮ್ಮೆ ಬಿಗಿ, ಒಮ್ಮೆ ಸಡಿಲ. ಆ ಜಗ್ಗಾಟ ಎಲ್ಲಾ ಬೀಳೋದು ಪಕ್ಕದ ಬೇರಿಂಗ್ ಮೇಲೆ. ಹೊಸ ಶಾಫ್ಟ್ ಹಾಕಿದ್ದರೂ ಮೂರು ವಾರಕ್ಕೆ ಅದೇ ಸದ್ದು ಬರ್ತಿತ್ತು.

ಟರ್ನರ್ ಪುಲ್ಲಿಯನ್ನು ನಾಲ್ಕು ಜಾ ಚಕ್‌ಗೆ ಕಟ್ಟಿದರು. ಅದರಲ್ಲಿ ಒಂದೊಂದು ಜಾ ಬೇರೆ ಬೇರೆ ಬಿಗಿ ಮಾಡಬಹುದು. ಡಯಲ್ ನೋಡಿಕೊಂಡೇ ಒಂದು ಜಾ ಸಡಿಲಿಸಿ ಎದುರಿನದ್ದು ಬಿಗಿ ಮಾಡುತ್ತಾ ಹೊರ ಅಂಚನ್ನು ಸರಿಯಾಗಿ ಸುತ್ತುವ ಹಾಗೆ ತಂದರು. ಆಮೇಲೆ ತೂತನ್ನು ದೊಡ್ಡದು ಮಾಡಿ ಬುಷ್ ಹಾಕಿ, ಶಾಫ್ಟ್ ಅಳತೆಗೆ ಮತ್ತೆ ಬೋರ್ ಮಾಡಿ, ಕೀ ಗಾಡಿ ಹೊಡೆದು ಕೊಟ್ಟರು. ಮತ್ತೆ ಡಯಲ್ ಇಟ್ಟಾಗ 0.08. ಸೀಸನ್ ಮುಗಿಯೋ ತನಕ ಬೇರಿಂಗ್ ಮುಟ್ಟಲಿಲ್ಲ. ಹಳೇ ಶಾಫ್ಟೇ ಈಗಲೂ ತಿರುಗ್ತಿದೆ.

ಮುಳ್ಳಿನ ಡಯಲ್ ಇದ್ದಾಗ ಗಿರಾಕಿಗೆ ಏನೂ ಅರ್ಥ ಆಗ್ತಿರಲಿಲ್ಲ. ಮುಳ್ಳು ಒಂದು ಸುತ್ತು ಹೊಡೆದರೆ ಸಾಮಾನ್ಯವಾಗಿ ಒಂದು ಮಿಲಿಮೀಟರ್. ಎಷ್ಟು ಸುತ್ತು ಅಂತ ಸಣ್ಣ ಮುಳ್ಳು ನೋಡಿ ಲೆಕ್ಕ ಹಾಕಬೇಕಿತ್ತು. ಡಿಜಿಟಲ್‌ನಲ್ಲಿ ಅಂಕಿ ನೇರವಾಗಿ ಬರುತ್ತೆ. ಕೆಲವು ಮಾಡೆಲ್ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ವ್ಯತ್ಯಾಸವನ್ನೂ ಹಿಡಿದಿಟ್ಟು ತೋರಿಸ್ತವೆ. ಆದ್ರೂ ಹಳಬರು ಮುಳ್ಳನ್ನೇ ಇಷ್ಟಪಡ್ತಾರೆ, ಮುಳ್ಳು ಓಲಾಡೋದು ನೋಡಿದರೆ ಎಲ್ಲಿ ಉಬ್ಬು ಎಲ್ಲಿ ತಗ್ಗು ಅಂತ ಕೈಗೇ ಗೊತ್ತಾಗುತ್ತೆ ಅಂತಾರೆ. ಅದೂ ಸುಳ್ಳಲ್ಲ.

ಡಿಜಿಟಲ್‌ಗೆ ಅದರದ್ದೇ ಕಾಟ ಇವೆ. ಇಂಚು-ಮಿಲಿಮೀಟರ್ ಬದಲಾಯಿಸುವ ಬಟನ್ ಗೊತ್ತಿಲ್ಲದೆ ಒತ್ತಿ ಹೋಗಿರುತ್ತೆ. ಪರದೆಯಲ್ಲಿ 0.012 ಕಂಡು ‘ಅಯ್ಯೋ ಏನೂ ಇಲ್ಲ’ ಅಂದುಕೊಂಡರೆ, ಅದು ಇಂಚಾಗಿದ್ದರೆ 0.30 ಮಿಲಿಮೀಟರ್! ಸೆಲ್ ಮುಗಿಯುತ್ತಾ ಬಂದಾಗ ಅಂಕಿ ಮಿನುಗುತ್ತೆ, ಆಗ ನಂಬಬೇಡಿ. ಕಡ್ಡಿ ಬಿಗಿ ಅನಿಸಿತು ಅಂತ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಇನ್ನೂ ಬಿಗಿಯಾಗುತ್ತೆ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮತ್ತೆ ಪರದೆಯಲ್ಲಿ ಮೂರು ದಶಮಾಂಶ ಕಂಡ ಮಾತ್ರಕ್ಕೆ ಅದು ಅಷ್ಟು ಸರಿಯಾಗಿ ಅಳೆಯುತ್ತೆ ಅಂತಲ್ಲ. ಅಂಕಿ ತೋರಿಸೋದು ಬೇರೆ, ಸರಿ ತೋರಿಸೋದು ಬೇರೆ.

ಗ್ಯಾರೇಜ್, ಮೋಟಾರ್ ವೈಂಡಿಂಗ್ ಅಂಗಡಿ, ಹಿಟ್ಟಿನ ಗಿರಣಿಯವರು ಹೊಸದು ತಗೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಕಡ್ಡಿಯನ್ನು ಐದು ಸಲ ಎತ್ತಿ ಮೆಲ್ಲಗೆ ಬಿಡಿ, ಪ್ರತಿ ಸಲ ಸೊನ್ನೆಗೆ ಬರಬೇಕು, ಹೆಚ್ಚೆಂದರೆ ಕೊನೇ ಅಂಕಿ ಒಂದು ಆಚೀಚೆ. ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇದ್ದರೆ 0.50ರ ಎಲೆಯನ್ನು ಕಡ್ಡಿಯ ಅಡಿಗೆ ತಳ್ಳಿ, 0.50 ಬರುತ್ತಾ ನೋಡಿ. ಬ್ರೇಕ್ ಹಿಡಿದಾಗ ಬೈಕಿನ ಲಿವರ್ ತಟತಟ ಅಂದರೆ ಡಿಸ್ಕ್‌ಗೂ ಇದೇ ಡಯಲ್ ಇಟ್ಟು ನೋಡಬಹುದು. ಎಷ್ಟರ ತನಕ ನಡೆಯುತ್ತೆ ಅನ್ನೋದು ಆಯಾ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತೆ.

ನೀವು ಗಿರಾಕಿಯಾಗಿ ಹೋದಾಗ ಅಂಕಿ ಕೇಳಿ ಸುಮ್ಮನಾಗಬೇಡಿ. ಯಾವುದರ ಮೇಲೆ ಹಿಡಿದು ಅಳೆದ್ರಿ ಅಣ್ಣ ಅಂತ ಕೇಳಿ. ಚಕ್‌ನಲ್ಲಿ ಅಂದ್ರೆ, ವಿ ಬ್ಲಾಕ್ ಮೇಲೆ ಒಮ್ಮೆ ಇಟ್ಟು ತೋರಿಸಿ ಅನ್ನಿ, ಐದು ನಿಮಿಷದ ಕೆಲಸ. ಹಾಗೇ ಶಾಫ್ಟ್ ಒಯ್ಯುವಾಗ ಪುಲ್ಲಿ, ಕೀ, ಹೋದ ಬೇರಿಂಗ್ ಎಲ್ಲಾ ಒಂದೇ ಚೀಲಕ್ಕೆ ಹಾಕ್ಕೊಂಡು ಹೋಗಿ.