ನಿಮಗಿದು ಗೊತ್ತೆ? ಫೋಟೊ ಅಲ್ಲ, ಕೈಚಿತ್ರ!
ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿಸುವ ಅನ್ವಯಿಕ ಕಲೆಯಲ್ಲಿ ಪೋಸ್ಟರ್ ವಿನ್ಯಾಸವೂ ಸೇರಿದೆ. ಓರೆ ಅಕ್ಷರ, ಕತ್ತರಿಸಿ ಜೋಡಿಸಿದ ಮುಖ – ಸಿನಿಮಾ ಪೋಸ್ಟರಿನ ಈ ವರಸೆಗೆ ಕಸುವು ತುಂಬಿದವರು 1920ರ ದಶಕದ ರಷ್ಯಾದ ಕನ್‌ಸ್ಟ್ರಕ್ಟಿವಿಸ್ಟ್ ಕಲಾವಿದರು. ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ (1929) ಚಿತ್ರಕ್ಕೆ ಸ್ಟೆನ್‌ಬರ್ಗ್ ಸಹೋದರರು ಬರೆದ ಪೋಸ್ಟರನ್ನೇ ನೋಡಿ: ಸುತ್ತ ಗಗನಚುಂಬಿ ಕಟ್ಟಡಗಳು, ನಡುವೆ ಹಿಂದಕ್ಕೆ ವಾಲಿದ ಹೆಣ್ಣು, ಸುರುಳಿ ಸುತ್ತುವ ಅಕ್ಷರಗಳು. ಈ ಸಹೋದರರು ಫಿಲ್ಮಿನ ಚೌಕಟ್ಟನ್ನು ಹಿಗ್ಗಿಸಿ ತೋರಿಸುವ ಪ್ರೊಜೆಕ್ಟರನ್ನು ತಾವೇ ಮಾಡಿಕೊಂಡು, ಆ ಬಿಂಬ ನೋಡಿ ಕೈಯಿಂದಲೇ ಚಿತ್ರ ಬರೆಯುತ್ತಿದ್ದರು. ಎಂಥ ಶ್ರದ್ಧೆ! ಕನ್ನಡದಲ್ಲೂ ನವ್ಯ ಚಿತ್ರಕಾರರು ಸಿನಿಮಾಕ್ಕೆ ದುಡಿದಿದ್ದಾರೆ. 1970ರ ‘ಸಂಸ್ಕಾರ’ದ ಕಲಾ ನಿರ್ದೇಶನ ಮದರಾಸಿನ ಚೋಳಮಂಡಲ ಕಲಾಗ್ರಾಮದ ಎಸ್.ಜಿ. ವಾಸುದೇವ್ ಅವರದು, ಅವರು ಮೈಸೂರಿನವರು.