ಊರಾಡಳಿತದ ವರ್ಷಾರಂಭದ ಸಭೆ



ಊರಿನ ಕೆಲಸವು ಚೆನ್ನಾಗಿ ನಡೆಯಬೇಕಾದರೆ ಅದನ್ನು ನಡೆಸುವವರು ಒಳ್ಳೆಯವರಾಗಿದ್ದರೆ ಸಾಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಒಳ್ಳೆಯವರು ಬೇಕೆಂಬುದು ನಿಜ. ಆದರೆ ಹಣವು ಯಾರ ಕೈಯಲ್ಲಿರತಕ್ಕದ್ದು, ಲೆಕ್ಕವನ್ನು ಯಾರು ನೋಡತಕ್ಕದ್ದು, ಸಭೆಯು ಎಂದು ಸೇರತಕ್ಕದ್ದು ಎಂಬ ಮಾತುಗಳು ವರ್ಷದ ಮೊದಲಿನಲ್ಲಿಯೇ ಹತ್ತು ಜನರ ಎದುರಿಗೆ ಇತ್ಯರ್ಥವಾಗದಿದ್ದರೆ, ಒಳ್ಳೆಯವರ ಮೇಲೂ ಸಂಶಯ ಹುಟ್ಟುವುದಕ್ಕೆ ಬಹುಕಾಲ ಬೇಕಾಗುವುದಿಲ್ಲ. ಈ ವಿಷಯದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಪೆನ್ಸಿಲ್ವೇನಿಯದಲ್ಲಿ ನಡೆದುಬಂದಿರುವ ಕ್ರಮವು ನಾವು ತಿಳಿದುಕೊಳ್ಳತಕ್ಕದ್ದಾಗಿದೆ.

ಆ ಸಂಸ್ಥಾನದಲ್ಲಿ ನಗರಗಳ ಹೊರಗಿನ ಪ್ರದೇಶದ ಬಹುಭಾಗವು ಟೌನ್‌ಷಿಪ್ಪುಗಳೆಂಬ ವಿಭಾಗಗಳಾಗಿ ಹಂಚಿಹೋಗಿದೆ. ಇವುಗಳಲ್ಲಿ ಎರಡನೆಯ ದರ್ಜೆಯವೇ ೧,೪೦೦ಕ್ಕೂ ಹೆಚ್ಚಾಗಿವೆ. ಇವುಗಳಿಗೆಂದು ೧೯೩೩ನೆಯ ಇಸವಿಯಲ್ಲಿ ಆದ ಶಾಸನವು ೧೯೯೫ರಲ್ಲಿ ಪುನಃ ವಿಧಿಸಲ್ಪಟ್ಟು ಈಗಲೂ ನಡೆಯುತ್ತಿದೆ. ಪ್ರತಿಯೊಂದು ಟೌನ್‌ಷಿಪ್ಪಿಗೂ ಜನರಿಂದ ಆರಿಸಲ್ಪಟ್ಟ ಮೂವರು ಅಥವಾ ಐವರು ಮೇಲ್ವಿಚಾರಕರ ಮಂಡಲಿಯೊಂದು ಉಂಟು. ಅವರ ಅಧಿಕಾರದ ಅವಧಿ ಆರು ವರ್ಷ. ರಸ್ತೆ, ಸೇತುವೆ, ತೆರಿಗೆ ಮೊದಲಾದವುಗಳ ಹೊಣೆ ಇವರದು.

ಈ ಮಂಡಲಿಯು ಪ್ರತಿ ವರ್ಷವೂ ಜನವರಿ ತಿಂಗಳಿನ ಮೊದಲನೆಯ ಸೋಮವಾರ ಸೇರಿ ತನ್ನ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕೆಂದು ಶಾಸನವೇ ವಿಧಿಸಿದೆ. ಆ ದಿನ ರಜವಾಗಿದ್ದರೆ ಮಾರನೆಯ ದಿನ ಸೇರತಕ್ಕದ್ದು. ೨೦೨೪ರಲ್ಲಿ ಮೊದಲನೆಯ ಸೋಮವಾರವೇ ಹೊಸ ವರ್ಷದ ದಿನವಾದುದರಿಂದ ಸಭೆಯು ಜನವರಿ ೨ನೆಯ ತಾರೀಖು ಮಂಗಳವಾರಕ್ಕೆ ಬಿದ್ದಿತು. ದಿನವನ್ನು ಗೊತ್ತುಮಾಡುವ ಸ್ವಾತಂತ್ರ್ಯವನ್ನು ಮಂಡಲಿಗೆ ಬಿಡದಿರುವುದರಲ್ಲಿ ಒಂದು ಪ್ರಯೋಜನವಿದೆ: ಕರೆ ಬರಲಿ, ಬಾರದಿರಲಿ, ಸಭೆ ಎಂದು ಎಂಬುದು ಊರಿಗೆಲ್ಲ ತಿಳಿದಿರುತ್ತದೆ.

ಸಭೆಯ ಕಾರ್ಯಕ್ರಮವನ್ನು ನೋಡೋಣ. ಹೊಸದಾಗಿ ಆರಿಸಿ ಬಂದವರು ಮೊದಲು ಪ್ರಮಾಣವಚನವನ್ನು ಸ್ವೀಕರಿಸಿರಬೇಕು. ಅನಂತರ ತಾತ್ಕಾಲಿಕವಾಗಿ ಒಬ್ಬರನ್ನು ಪೀಠದಲ್ಲಿ ಕುಳ್ಳಿರಿಸಿಕೊಂಡು, ಅಧ್ಯಕ್ಷನನ್ನೂ ಉಪಾಧ್ಯಕ್ಷನನ್ನೂ ತಮ್ಮೊಳಗಿಂದಲೇ ಆರಿಸಿಕೊಳ್ಳುತ್ತಾರೆ. ಒಬ್ಬರು ಸೂಚಿಸಿ, ಮತ್ತೊಬ್ಬರು ಅನುಮೋದಿಸಿ, ಮತ ತೆಗೆದುಕೊಂಡ ಮೇಲೆ ಅಧ್ಯಕ್ಷನು ಪೀಠವನ್ನೇರಿ ಮುಂದಿನ ಕೆಲಸವನ್ನು ನಡೆಸುತ್ತಾನೆ. ಕಾರ್ಯದರ್ಶಿ, ಖಜಾಂಚಿ, ವಕೀಲ, ಎಂಜಿನಿಯರು ಇವರ ನೇಮಕ, ಹಣವನ್ನಿಡುವ ಬ್ಯಾಂಕಿನ ನಿರ್ಧಾರ, ವರ್ಷದ ಸಭೆಗಳ ದಿನ ಮತ್ತು ಸ್ಥಳ ಇವೆಲ್ಲವೂ ಒಂದೊಂದಾಗಿ ಠರಾವಾಗುತ್ತವೆ. ತಿಂಗಳಿಗೆ ಒಂದು ಸಭೆಯಾದರೂ ಆಗಲೇಬೇಕು.

ಕೇಳುವವರಿಗೆ ಇದೊಂದು ನೀರಸವಾದ ಪಟ್ಟಿಯಾಗಿ ತೋರಬಹುದು. ಅನೇಕ ಕಡೆ ಅರ್ಧ ಗಂಟೆಯಲ್ಲಿ ಮುಗಿದುಹೋಗಬಹುದಾದ ಕೆಲಸವಿದು. ಆದರೆ ಪಟ್ಟಿಯಲ್ಲಿನ ಒಂದೊಂದು ಬಾಬಿನ ಹಿಂದೆಯೂ ಒಂದು ಮುನ್ನೆಚ್ಚರಿಕೆ ಅಡಗಿದೆ.

ಮೊದಲನೆಯದು ಖಜಾಂಚಿಯ ಜಾಮೀನು. ಆ ವರ್ಷದಲ್ಲಿ ಯಾವುದೇ ಒಂದು ಕಾಲದಲ್ಲಿ ಅವನ ಕೈಗೆ ಬರಬಹುದಾದ ಅತ್ಯಧಿಕ ಮೊತ್ತವನ್ನು ಅಂದಾಜುಮಾಡಿ, ಅಷ್ಟಕ್ಕೆ ಮಂಡಲಿಯು ಜಾಮೀನನ್ನು ಗೊತ್ತುಮಾಡಬೇಕು. ಖಜಾಂಚಿಯು ಎಂಥ ಸಜ್ಜನನೇ ಆಗಿರಲಿ, ಈ ನಿಯಮದಿಂದ ಅವನಿಗೆ ಅವಮಾನವೇನೂ ಇಲ್ಲ. ಮುಂದೆ ಹಣಕ್ಕೆ ಕೊರತೆ ಬಿದ್ದರೆ ಅದನ್ನು ತುಂಬಿಕೊಡುವ ದಾರಿಯೊಂದು ಊರಿಗೆ ಇರುತ್ತದೆ, ಅಷ್ಟೆ.

ಎರಡನೆಯದು ಖಾಲಿ ಸ್ಥಾನಗಳ ಮಂಡಲಿ. ಮೂವರಲ್ಲಿ ಒಬ್ಬರು ಮೃತರಾದರೆ ಅಥವಾ ರಾಜೀನಾಮೆ ಕೊಟ್ಟರೆ ಉಳಿದ ಇಬ್ಬರು ಮೂವತ್ತು ದಿನಗಳೊಳಗಾಗಿ ಆ ಸ್ಥಾನವನ್ನು ತುಂಬಬೇಕು. ಇಬ್ಬರೂ ಒಮ್ಮತಕ್ಕೆ ಬಾರದಿದ್ದರೆ ಗತಿಯೇನು? ಇದಕ್ಕಾಗಿ ವರ್ಷದ ಮೊದಲನೆಯ ಸಭೆಯಲ್ಲಿಯೇ ಊರಿನ ಮತದಾರರಲ್ಲೊಬ್ಬರನ್ನು ನೇಮಿಸಿಟ್ಟಿರುತ್ತಾರೆ. ಅವರು ಮೇಲ್ವಿಚಾರಕರೊಡನೆ ಕುಳಿತು, ಅಧ್ಯಕ್ಷತೆ ವಹಿಸಿ, ಮತ್ತೆ ಹದಿನೈದು ದಿನಗಳಲ್ಲಿ ಅದನ್ನು ತೀರ್ಮಾನಿಸಬೇಕು. ಜಗಳ ಹುಟ್ಟುವುದಕ್ಕೆ ಮುಂಚೆಯೇ ಪಂಚಾಯಿತಿದಾರನನ್ನು ಗೊತ್ತುಮಾಡಿಕೊಂಡಿರುವುದು ವಿವೇಕವಲ್ಲವೆ? ಜಗಳವಾದ ಮೇಲೆ ಎರಡು ಪಕ್ಷದವರಿಗೂ ಒಪ್ಪಿಗೆಯಾದವನನ್ನು ಹುಡುಕುವುದು ಕಷ್ಟ.

ಮೂರನೆಯದು ಎಲ್ಲಕ್ಕಿಂತಲೂ ಸೂಕ್ಷ್ಮವಾದದ್ದು. ಮೇಲ್ವಿಚಾರಕನು ತಾನೇ ರಸ್ತೆಯ ಕೆಲಸಕ್ಕೆ ಮೇಸ್ತ್ರಿಯಾಗಿ ನೇಮಕವಾಗಿ ಸಂಬಳ ಪಡೆಯುವುದಕ್ಕೆ ಈ ಟೌನ್‌ಷಿಪ್ಪುಗಳಲ್ಲಿ ಅವಕಾಶವಿದೆ. ಸಣ್ಣ ಊರುಗಳಲ್ಲಿ ಕೆಲಸ ಬಲ್ಲವರು ಕೆಲವರೇ ಆದುದರಿಂದ ಇದನ್ನು ಪೂರ್ತಿಯಾಗಿ ನಿಷೇಧಿಸಿದರೆ ರಸ್ತೆಗಳು ಕೆಡಬಹುದು. ಹಾಗೆಂದು ತನ್ನ ಕೂಲಿಯನ್ನು ತಾನೇ ಗೊತ್ತುಮಾಡಿಕೊಳ್ಳುವಂತೆ ಬಿಡುವುದು ಬೇಲಿಯೇ ಹೊಲವನ್ನು ಮೇಯ್ದಂತಾದೀತು. ಆದುದರಿಂದ ಕೆಲಸಕ್ಕೆ ನೇಮಿಸುವ ಅಧಿಕಾರ ಮಂಡಲಿಗೆ, ಕೂಲಿಯ ದರವನ್ನು ನಿರ್ಣಯಿಸುವ ಅಧಿಕಾರ ಜನರೇ ಆರಿಸಿದ ಲೆಕ್ಕಪರಿಶೋಧಕರಿಗೆ ಎಂದು ಶಾಸನವು ವಿಂಗಡಿಸಿದೆ. ಈ ಪರಿಶೋಧಕರು ಮಂಡಲಿಯ ಸಭೆಯಾದ ಮಾರನೆಯ ದಿನ ಬೇರೆಯಾಗಿ ಸೇರಿ, ಆ ಪ್ರಾಂತದಲ್ಲಿ ಅಂಥ ಕೆಲಸಕ್ಕೆ ನಡೆಯುವ ಕೂಲಿಯನ್ನು ನೋಡಿಕೊಂಡು ದರವನ್ನು ಗೊತ್ತುಮಾಡುತ್ತಾರೆ.

ಇನ್ನು ಸಭೆಯ ಮರ್ಯಾದೆ. ಮೂವರ ಮಂಡಲಿಗೆ ಇಬ್ಬರಿದ್ದರೆ ಕೋರಂ ಆಗುತ್ತದೆ. ಆದರೆ ಠರಾವಾಗಬೇಕಾದರೆ ಇಡೀ ಮಂಡಲಿಯ ಬಹುಮತ ಬೇಕಾದುದರಿಂದ, ಬಂದಿರುವ ಇಬ್ಬರೂ ಒಪ್ಪಬೇಕು. ಹಾಗೆ ಒಪ್ಪುವುದೂ ಮನೆಯ ಜಗಲಿಯ ಮೇಲಲ್ಲ, ಸಭೆಯಲ್ಲಿಯೇ. ಅಲ್ಲಿಯ ಬಹಿರಂಗ ಸಭೆಗಳ ಶಾಸನದ ಪ್ರಕಾರ ವರ್ಷದ ಮೊದಲನೆಯ ಸಭೆಗೆ ಕನಿಷ್ಠ ಮೂರು ದಿನ ಮುಂಚಿತವಾಗಿ ವೃತ್ತಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ೨೦೨೧ರ ತಿದ್ದುಪಾಟಿನ ಮೇರೆಗೆ ಕಾರ್ಯಕ್ರಮದ ಪಟ್ಟಿಯನ್ನು ಇಪ್ಪತ್ತುನಾಲ್ಕು ಗಂಟೆ ಮೊದಲೇ ಜನರಿಗೆ ಕಾಣುವಂತೆ ಅಂಟಿಸಬೇಕು. ಊರಿನವರಿಗೂ ತೆರಿಗೆ ಕೊಡುವವರಿಗೂ ಮಾತನಾಡಲು ಅವಕಾಶ ಕೊಡಬೇಕು. ಯಾರು ಯಾವ ಕಡೆಗೆ ಮತ ಕೊಟ್ಟರೆಂಬುದು ಹೆಸರು ಸಹಿತವಾಗಿ ನಡಾವಳಿಯಲ್ಲಿ ದಾಖಲಾಗಬೇಕು.

ಇಷ್ಟೆಲ್ಲ ಏರ್ಪಾಡುಗಳಿದ್ದರೂ ಸಭೆಯ ಮನೆಯಲ್ಲಿ ಕುರ್ಚಿಗಳು ಬರಿದಾಗಿದ್ದರೆ ಶಾಸನವು ಕಾಗದದ ಮೇಲೆಯೇ ಉಳಿಯುತ್ತದೆ. ರಸ್ತೆ ಕೆಟ್ಟಾಗ, ತೆರಿಗೆ ಏರಿದಾಗ ಜನರು ಗುಂಪುಗೂಡಿ ಬರುವುದುಂಟು. ಆದರೆ ಆ ವರ್ಷದ ಹಣವು ಯಾರ ಕೈಗೆ, ಯಾವ ಜಾಮೀನಿನ ಮೇಲೆ ಹೋಯಿತೆಂಬುದು ಜನವರಿಯ ಆ ಒಂದು ಸಂಜೆಯೇ ತೀರ್ಮಾನವಾಗಿಹೋಗಿರುತ್ತದೆ.

ನಮ್ಮ ಊರುಗಳಲ್ಲಿಯೂ ಸಹಕಾರ ಸಂಘ, ವಾಚನಾಲಯ, ದೇವಸ್ಥಾನದ ಸಮಿತಿ ಮೊದಲಾದವು ಇವೆ. ಅವುಗಳ ನಿಯಮಗಳು ಬೇರೆಯಾಗಿರಬಹುದು. ಆದರೂ ವರ್ಷದ ಮೊದಲನೆಯ ಸಭೆಗೆ ಹೋಗಿ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಬಹುದು: ಹಣ ಯಾರ ವಶದಲ್ಲಿದೆ? ಅದಕ್ಕೆ ಜಾಮೀನೇನು? ಲೆಕ್ಕ ನೋಡುವವರು ಯಾರು? ಮುಂದಿನ ಸಭೆ ಎಂದು? ಇವುಗಳಿಗೆ ಸಿಕ್ಕ ಉತ್ತರಗಳು ನಡಾವಳಿಯ ಪುಸ್ತಕಕ್ಕೆ ಸೇರಿದುವೇ ಎಂಬುದನ್ನು ನೋಡಿಕೊಂಡು ಬಂದರೆ, ಆ ವರ್ಷದ ಮಟ್ಟಿಗೆ ಸದಸ್ಯರು ತಮ್ಮ ಕರ್ತವ್ಯದ ದೊಡ್ಡ ಪಾಲನ್ನು ನೆರವೇರಿಸಿದಂತಾಗುವುದು.