ಒಂದೇ ಫಲಕದ ಗಣಕಯಂತ್ರ

1976ರಲ್ಲಿ ಇಂಟೆಲ್ ಹೊರತಂದ 8085 ಎಂಬ ಮೈಕ್ರೊಪ್ರೊಸೆಸರ್, ಅಂದರೆ ಗಣಕದ ಲೆಕ್ಕಾಚಾರವನ್ನೂ ನಿಯಂತ್ರಣವನ್ನೂ ಒಂದೇ ಚಿಪ್ಪಿನೊಳಗೆ ನಡೆಸುವ ಘಟಕ, ಬೆಂಗಳೂರಿನ ಇಎಸ್‌ಎ ಸಂಸ್ಥೆಯ ತರಬೇತಿ ಕಿಟ್‌ಗಳಂಥ ಸಾಧನಗಳ ಮೂಲಕ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳನ್ನು ಹೊಕ್ಕಿತು. ಈ ಪ್ರೊಸೆಸರ್ ಬಳಸಿ ಒಂದೇ ಫಲಕದ ಗಣಕವನ್ನು ಹವ್ಯಾಸಿಯೊಬ್ಬರು ಸ್ವತಃ ಕಟ್ಟಲು ಬೇಕಾದ ಬಿಡಿಭಾಗಗಳನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಅರಸಬಹುದು. ಯಲ್ಲದಕೆರೆಯಂತಹ ಹಳ್ಳಿಯ ಮೇಜಿನ ಮೇಲೂ ಈ ಕೆಲಸ ಸಾಧ್ಯ.

ಇದರ ನಿಜವಾದ ಸೊಗಸು ತಂತಿಗಳ ಜೋಡಣೆಯಲ್ಲಿದೆ. ಕೇವಲ 40 ಕಾಲುಗಳುಳ್ಳ ಈ ಚಿಪ್, ಸ್ಮೃತಿಯ ಯಾವ ಸ್ಥಾನ ಬೇಕೆಂದು ಸೂಚಿಸುವ ವಿಳಾಸದ ಕೆಳಗಿನ 8 ಬಿಟ್‌ಗಳನ್ನೂ ದತ್ತಾಂಶವನ್ನೂ ಒಂದೇ ತಂತಿಗಳಲ್ಲಿ ಸರದಿಯಂತೆ ಕಳುಹಿಸುತ್ತದೆ; ಆದ್ದರಿಂದ ಎಎಲ್‌ಇ ಎಂಬ ಸಂಕೇತ ಬಂದ ಕ್ಷಣದಲ್ಲಿ ವಿಳಾಸವನ್ನು ಹಿಡಿದಿಟ್ಟುಕೊಳ್ಳುವ 74373ರಂತಹ ಲ್ಯಾಚ್ ಚಿಪ್ ಅನಿವಾರ್ಯವಾಗುತ್ತದೆ. ಒಟ್ಟು ವಿಳಾಸವ್ಯಾಪ್ತಿ 64 ಕಿಲೋಬೈಟ್. ವಿದ್ಯುತ್ ಹರಿದೊಡನೆ ಪ್ರೊಸೆಸರ್ ಸೊನ್ನೆಯ ವಿಳಾಸದಿಂದಲೇ ಓದತೊಡಗುವುದರಿಂದ, ಅಳಿಯದ ಸ್ಮೃತಿಯಾದ ಇಇಪ್ರಾಮ್ ಕೆಳಗಿನ 32 ಕಿಲೋಬೈಟ್‌ಗಳಲ್ಲಿಯೂ, ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್ ಮೇಲಿನ 32ರಲ್ಲಿಯೂ ಇರಬೇಕು. ಎ15 ಎಂಬ ವಿಳಾಸದ ತಂತಿಯನ್ನು ಒಂದಕ್ಕೆ ನೇರವಾಗಿಯೂ ಮತ್ತೊಂದಕ್ಕೆ ನಾಟ್ ದ್ವಾರದ ಮೂಲಕ ತಿರುಗಿಸಿಯೂ ಕೊಟ್ಟರೆ ಈ ವಿಭಜನೆ ಮುಗಿಯಿತು. ಇಷ್ಟು ಸರಳವಾದ ಉಪಾಯವನ್ನು ಕೈಯಾರೆ ಬೆಸುಗೆ ಹಾಕಿ ನೋಡುವುದು, ಪುಸ್ತಕದ ಹತ್ತಾರು ಪುಟಗಳಿಗಿಂತ ಹೆಚ್ಚು ಕಲಿಸುತ್ತದೆ. ಒಂದೊಂದೇ ಬಿಟ್ ಒಳತರುವ ಎಸ್‌ಐಡಿ, ಹೊರಕಳುಹಿಸುವ ಎಸ್‌ಒಡಿ ಎಂಬ ಕಾಲುಗಳು ಚಿಪ್ಪಿನಲ್ಲಿಯೇ ಇರುವುದರಿಂದ, 5 ವೋಲ್ಟ್ ಮಟ್ಟದ ಯುಎಸ್‌ಬಿ ಸೀರಿಯಲ್ ಕೇಬಲ್ ಮೂಲಕ ಲ್ಯಾಪ್‌ಟಾಪಿನ ಪರದೆ ಮತ್ತು ಕೀಲಿಮಣೆಯನ್ನು ಈ ಹಳೆಯ ಪ್ರೊಸೆಸರ್‌ಗೆ ಜೋಡಿಸಬಹುದು.